ಬಾಲದ ಕೆಳಗಿನ ಒಂದು ಚುಕ್ಕೆ

ಮಂಗಳವಾರ ಬೆಳಿಗ್ಗೆ
(ಗಾಳಿ ಜೋರಾಗಿದೆ, ಇವತ್ತು ಬೋಟು ಹೊರಡುವುದಿಲ್ಲ)

ಕಸ ತೆಗೆಯುವುದರಲ್ಲಿ ಎತ್ತಿದ ಕೈಯಾದ ನನ್ನ ಅಕ್ಕನಿಗೆ,

ಕಾಗದ ನೋಡಿ ಗಾಬರಿಯಾಗಬೇಡ. ಕೈಕಾಲು ನೆಟ್ಟಗಿವೆ, ಕಿವಿ ಕೇಳಿಸುತ್ತಿದೆ, ಹೊತ್ತು ಹೊತ್ತಿಗೆ ಉಣ್ಣುತ್ತಿದ್ದೇನೆ. ಫೋನ್ ಮಾಡಬಹುದಿತ್ತಲ್ಲ ಅಂತ ಕೇಳುತ್ತೀಯ. ಮಾಡಿದ್ದೆ. ನೀನು ಆ ಕಡೆಯಿಂದ ಹ್ಞೂಂ ಹೇಳು ಅಂದ ಕೂಡಲೇ ಬಿಸಿಲು ಮಳೆಯ ಸುದ್ದಿ ಹೇಳಿ ಇಟ್ಟುಬಿಟ್ಟೆ. ವಿಷಯ ನಮ್ಮ ಕಡಲಕುದುರೆಯ ಪಟದ್ದು. ಅದು ಪ್ರದರ್ಶನಕ್ಕೆ ಆಯ್ಕೆಯಾಗಿದೆ, ಅದನ್ನು ನೋಡಲು ನೀನು ಬರುತ್ತಿದ್ದೀಯ, ಹೊಸ ಚಪ್ಪಲಿ ಕೂಡ ಕೊಂಡಿದ್ದೀಯ ಅಂತ ಭಾವ ಹೇಳಿದರು. ಈಗ ಆ ಪಟವನ್ನು ನಾನು ವಾಪಸು ತೆಗೆದುಕೊಳ್ಳಬೇಕಾಗಿ ಬಂದಿದೆ. ಯಾಕೆ ಎನ್ನುವುದನ್ನು ಈ ಕಾಗದ ಮುಗಿಯುವುದರೊಳಗೆ ಹೇಳುತ್ತೇನೆ. ಸುತ್ತಿ ಬಳಸಿ ಹೇಳಿದರೆ ಹೊಟ್ಟೆಗೆ ಹಾಕಿಕೋ.

ನಾನಿರುವ ಕೋಣೆ ಚಿಕ್ಕದು. ಕೆಳಗಡೆ, ನೀರಿನಲ್ಲಿ ಮುಳುಗುವವರಿಗೆ ಸಾಮಾನು ಬಾಡಿಗೆ ಕೊಡುವ ಅಂಗಡಿ. ಬೆಳಕು ಹರಿಯುತ್ತಿದ್ದಂತೆ ಸಿಲಿಂಡರುಗಳು ಒಂದಕ್ಕೊಂದು ತಾಗಿ ಟಣ್ ಟಣ್ ಎನ್ನಲು ಶುರುವಾಗುತ್ತದೆ. ಕಿಟಕಿಯಾಚೆ ಹಗ್ಗದ ಮೇಲೆ ರಬ್ಬರಿನ ಸೂಟುಗಳು ಒಣಗುತ್ತಿರುತ್ತವೆ. ಅವುಗಳನ್ನು ಹಿಂದೆ ತೊಟ್ಟವರ ಮಂಡಿ, ಮೊಣಕೈ, ಹೊಟ್ಟೆ ಎಲ್ಲ ಅವುಗಳಲ್ಲಿ ಹಾಗೇ ಉಳಿದಿವೆ. ನನ್ನ ಮಂಡಿ ಇನ್ಯಾರದೋ ಮಂಡಿಯ ಜಾಗಕ್ಕೆ ಹೊಂದಿಕೊಳ್ಳಲು ಸಾಕಷ್ಟು ಹೊತ್ತು ಬೇಕು. ಸ್ವಂತಕ್ಕೊಂದು ತಗೊಳ್ಳೇ ಅಂತ ನೀನು ಬೈಯುತ್ತಲೇ ಇದ್ದೀಯ. ಅಗ್ಗದ ಕೋಣೆ, ಅಗ್ಗದ ಬೋಟು, ಯಾರದೋ ಸೂಟು, ಇಷ್ಟರಲ್ಲಿ ಸುಧಾರಿಸಿಕೊಂಡರೆ ವರ್ಷಕ್ಕೆ ಇನ್ನೊಂದು ಸಲ ನೀರಿಗಿಳಿಯಬಹುದಲ್ಲ ಅನ್ನುವುದು ನನ್ನ ದುರಾಸೆ.

ನೀರಿಗಿಳಿಯುವುದು ಹೇಗಿರುತ್ತದೆ ಅಂತ ನಿನ್ನ ತಲೆ ಎಷ್ಟು ಸಲ ತಿಂದಿದ್ದೇನೋ. ಇನ್ನೊಂದು ಸಲ ತಿನ್ನುತ್ತೇನೆ. ಮೊದಲು ಸದ್ದು ಹೋಗುತ್ತದೆ. ಆಮೇಲೆ ಮೈಭಾರ. ಆಮೇಲೆ ಬಣ್ಣಗಳು ಒಂದೊಂದಾಗಿ ಹೊರಟುಹೋಗುತ್ತವೆ, ಎಲ್ಲಕ್ಕಿಂತ ಮುಂಚೆ ಕೆಂಪು. ಒಮ್ಮೆ ಬೆರಳು ತರಚಿ ರಕ್ತ ಬಂದಾಗ ಅದು ಹಸಿರಾಗಿ ಕಂಡಿತು, ಇದು ನನ್ನದಲ್ಲವೇನೋ ಅನ್ನಿಸಿತು, ನೋವೂ ಆಗಲಿಲ್ಲ. ಇನ್ನೂ ಕೆಳಗೆ ಹೋದರೆ ಬರೀ ನೀಲಿ. ಅಲ್ಲಿ ನನ್ನ ಹೆಸರು ನನಗೇ ನೆನಪಾಗುವುದಿಲ್ಲ, ಆಗಬೇಕು ಅಂತಲೂ ಅನ್ನಿಸುವುದಿಲ್ಲ. ಉಸಿರು ಬಿಟ್ಟರೆ ಕೆಳಗಿಳಿಯುತ್ತೇನೆ, ಎಳೆದುಕೊಂಡರೆ ತುಸು ಮೇಲೇಳುತ್ತೇನೆ, ಅಷ್ಟೇ ಅಲ್ಲಿಯ ಸಂಸಾರ. ಮೇಲೆ ಬಂದು ನೋಡಿದರೆ ಪಟಗಳೆಲ್ಲ ನೀಲಿ ನೀಲಿ. ಅವಕ್ಕೆ ಕೆಂಪನ್ನು ವಾಪಸು ಕೊಡುವವಳು ನೀನು. ಇದು ಸುಳ್ಳಲ್ಲವೇನೇ ಅಂತ ಒಮ್ಮೆ ನಾನು ಕೇಳಿದ್ದಕ್ಕೆ ನೀನು, ಮೀನಿನ ಮೈಮೇಲೆ ಇರೋದನ್ನೇ ಅದಕ್ಕೆ ಕೊಡ್ತಿದ್ದೀನಿ, ನಮ್ಮನೆಯಿಂದ ಏನೂ ತಂದು ಹಾಕಿಲ್ಲ ಅಂತ ಹೇಳಿದ್ದೆ. ಅಂದಿನಿಂದ ನನಗೆ ಅದೇ ಕಾಯಿದೆ.

ನಮ್ಮ ಬಡವ ಹೇಗಿದ್ದಾನೆ? ಈ ಲ್ಯಾಪ್‌ಟಾಪಿನಲ್ಲಿರುವ ಬಡವ ಆರೋಗ್ಯವಾಗಿದ್ದಾನೆ, ಸೇವ್ ಮಾಡು ಅಂದಾಗ ಮಾತ್ರ ಎಂದಿನಂತೆ ಮೂರ್ಛೆ ಹೋಗುತ್ತಾನೆ. ಪಟ ತಿದ್ದಲು ತಿಂಗಳು ತಿಂಗಳು ಬಾಡಿಗೆ ಕೇಳುವ ಆ ಹಳೆಯ ಸಾಫ್ಟ್‌ವೇರು ನೆನಪಿದೆಯಲ್ಲ? ಸ್ಟುಡಿಯೋದಲ್ಲಿ ಮದುವೆ ಆಲ್ಬಮ್ ಅರ್ಧ ಆಗಿರುವಾಗ ಒಂದು ಬೆಳಿಗ್ಗೆ ಬಾಗಿಲು ಹಾಕಿಕೊಂಡು ಕೂತಿತು. ನಮ್ಮದೇ ಕೆಲಸ, ನಮ್ಮದೇ ಕಂಪ್ಯೂಟರು, ಒಳಗೆ ಹೋಗಲು ನಮಗೇ ಅಪ್ಪಣೆಯಿಲ್ಲ. ಭಾವ ತಲೆ ಮೇಲೆ ಕೈಹೊತ್ತು, ಅಯ್ಯೋ ಮದುಮಗಳ ಮುಖಾನೇ ಜಪ್ತಿ ಮಾಡಿಬಿಟ್ರಲ್ಲಪ್ಪ ಅಂದಿದ್ದರು. ಆಮೇಲೆ ನೀನು ಹುಡುಕಿ ಹುಡುಕಿ ತಂದೆ ಈ ಬಡವನನ್ನು. ಒಮ್ಮೆ ಕೊಂಡರೆ ಮುಗಿಯಿತು, ಮತ್ತೆ ಕೈಚಾಚುವವನಲ್ಲ. ಮೈಮೇಲೆ ಅಲಂಕಾರವಿಲ್ಲ, ಗುಂಡಿಗಳು ಬೇಕಾದ ಜಾಗದಲ್ಲಿರುವುದಿಲ್ಲ, ಆದರೂ ನಮ್ಮ ಹೊಟ್ಟೆಪಾಡು ನಡೆಸುತ್ತಾನೆ.

ಅವನ ಮುಂದೆ ಕೂರಿಸಿ ನೀನು ನನಗೆ ಹೇಳಿಕೊಟ್ಟ ಮೊದಲ ಪಾಠವೂ ನೆನಪಿದೆ. ಅಳಿಸಬೇಡ, ಕಣ್ಣು ಮುಚ್ಚು. ಪಾರದರ್ಶಕ ಹಾಳೆಗಳ ಹಾಗೆ ಒಂದರ ಮೇಲೊಂದು ಕೂರುವ ಲೇಯರುಗಳು, ಒಂದೊಂದರ ಪಕ್ಕದಲ್ಲೂ ಒಂದು ಪುಟ್ಟ ಕಣ್ಣಿನ ಚಿತ್ರ. ಅದನ್ನು ಒತ್ತಿದರೆ ಆ ಲೇಯರು ಪರದೆಯಿಂದ ಮಾಯ, ಇನ್ನೊಮ್ಮೆ ಒತ್ತಿದರೆ ಇದ್ದಲ್ಲೇ ಇದೆ. ನನಗೆಲ್ಲಿ ಆ ತಾಳ್ಮೆ? ಎಲ್ಲ ಲೇಯರುಗಳನ್ನೂ ಒತ್ತಿ ಒಂದು ಮಾಡಿ, ತಿರುಗಿ ನೋಡದೆ ಮುಂದೆ ಹೋಗುತ್ತೇನೆ. ಕಡಲಕುದುರೆಯ ಪಟದ ಜೊತೆಗೆ ನೀನು ಕೆಲಸದ ಫೈಲನ್ನೂ ಕಳಿಸಿದ್ದೆಯಲ್ಲ, ಅದು ಆನೆಯಷ್ಟು ಭಾರವಿತ್ತು, ಪೂರ್ತಿ ಇಳಿಸಿಕೊಳ್ಳಲು ಕೂಡ ಹೋಗಲಿಲ್ಲ. ನನಗೆ ಬೇಕಾಗಿದ್ದದ್ದು ಸಿದ್ಧವಾದ ಪಟವಷ್ಟೆ.

ಇನ್ನು ಕಸದ ವಿಷಯ. ನಮ್ಮ ಸ್ಟುಡಿಯೋದಲ್ಲಿ ತೆಗೆಯಬೇಕಾದದ್ದಕ್ಕೆಲ್ಲ ಒಂದೇ ಹೆಸರು. ತಲೆಯ ಹಿಂದಿನ ವೈರು ಕಸ, ಕುರ್ಚಿಯ ಕಾಲು ಕಸ, ಮೊಡವೆ ಕಸ, ನಡುವೆ ಬಾಯಿ ತೆರೆದು ನಿಂತ ಅಪರಿಚಿತನೂ ಕಸ. ಆದರೆ ನಿನ್ನ ಕಸಕ್ಕೂ ಒಂದು ನ್ಯಾಯವಿತ್ತು. ಮೊಡವೆ ತೆಗೆಯುತ್ತಿದ್ದೆ, ಮಚ್ಚೆ ಮುಟ್ಟುತ್ತಿರಲಿಲ್ಲ. ವಾರದಲ್ಲಿ ತಾನಾಗೇ ಹೋಗೋದನ್ನ ತೆಗೀತೀನಿ, ಉಳಿಯೋದನ್ನ ತೆಗಿಯಲ್ಲ ಅನ್ನುತ್ತಿದ್ದೆ. ಮೈದುನನ ಜೊತೆ ಜಗಳವಾಡಿಕೊಂಡ ಆ ಹೆಂಗಸು ಮನೆಮಂದಿಯ ಪಟದಿಂದ ಅವನನ್ನು ಕಿತ್ತುಹಾಕಿ ಅಂತ ಬಂದಾಗ, ಜಗಳ ನಾಳೆ ಮುಗಿದರೆ ಇವನನ್ನ ಎಲ್ಲಿಂದ ತರ್ಲಿ ತಾಯಿ ಅಂತ ಕೇಳಿ ವಾಪಸು ಕಳಿಸಿದ್ದೆ. ನನ್ನ ಕೆಲಸದಲ್ಲಿ ಸರಿ ತಪ್ಪು ಅನ್ನುವುದೇನಾದರೂ ನನಗೆ ಗೊತ್ತಿದ್ದರೆ ಅದು ನಿನ್ನ ಆ ಕುರ್ಚಿಯ ಹಿಂದೆ ನಿಂತು ಕಲಿತದ್ದು.

ಹೋದ ವರ್ಷ ನಾನು ಇಲ್ಲಿಗೇ ಬಂದಿದ್ದಾಗ ನೀನು ಆಸ್ಪತ್ರೆಯಿಂದ ಮನೆಗೆ ಬಂದು ಕೆಲವು ತಿಂಗಳಾಗಿತ್ತು. ಆ ಮಾತು ಎತ್ತಬಾರದು ಅಂತ ನಾವೆಲ್ಲ ಹೇಳದೆಯೇ ಒಪ್ಪಿಕೊಂಡಿದ್ದೇವೆ. ಇವತ್ತು ಎತ್ತುತ್ತೇನೆ, ಎತ್ತದೆ ಈ ಕಾಗದ ಮುಂದೆ ಹೋಗುವುದಿಲ್ಲ. ಸ್ಕ್ಯಾನಿನ ಆ ಕಪ್ಪುಬಿಳುಪು ಪಟ ತಂದು ಟೇಬಲ್ಲಿನ ಮೇಲಿಟ್ಟಾಗ ಭಾವ, ಇದೇನು ಮಗುವೋ ಗೋಡಂಬಿಯೋ ಅಂತ ಕೇಳಿದರು. ಅಂದಿನಿಂದ ಅದು ಗೋಡಂಬಿ. ಗೋಡಂಬಿ ಒದೆಯಿತಾ, ಗೋಡಂಬಿ ಮಲಗಿತಾ, ಗೋಡಂಬಿಗೆ ಯಾರ ಮೂಗು. ಆಮೇಲೆ ಒಂದು ದಿನ ಗೋಡಂಬಿ ಇಲ್ಲವಾಯಿತು. ಮನೆಯಲ್ಲಿ ಆ ಪದ ನಿಂತುಹೋಯಿತು, ಅಂಗಡಿಯಿಂದ ಗೋಡಂಬಿ ತರುವುದೂ ನಿಂತಿತು. ನೀನು ಸ್ಟುಡಿಯೋದ ಒಳಕೋಣೆಗೆ ಕಾಲಿಡಲಿಲ್ಲ. ಭಾವ ನನಗೆ ಫೋನ್ ಮಾಡಿ, ಏನಾದ್ರೂ ಕೆಲಸ ಕಳ್ಸಮ್ಮ, ಎಂಥದಾದ್ರೂ ಸರಿ, ಅವಳು ಆ ಕುರ್ಚೀಲಿ ಒಂದು ಸಲ ಕೂತರೆ ಸಾಕು ಅಂತ ಹೇಳಿದರು.

ಅದರ ಮರುದಿನವೇ ನನಗೆ ಆ ಕಡಲಕುದುರೆ ಸಿಕ್ಕಿದ್ದು. ಬೆಳಗಿನ ಮೊದಲ ಮುಳುಗು, ನೀರು ಮಸುಕು. ದಾರಿ ತೋರಿಸಲು ಬಂದಿದ್ದವನಿಗೆ ನಾನಿಟ್ಟ ಹೆಸರು ಕೋಲಣ್ಣ. ಕೈಯಲ್ಲಿ ಸದಾ ಒಂದು ಉಕ್ಕಿನ ಕೋಲು, ಅದರಿಂದ ಪ್ರಾಣಿಗಳನ್ನು ತಿವಿದು ಕ್ಯಾಮೆರಾ ಕಡೆಗೆ ತಿರುಗಿಸುವುದೇ ಅವನ ಉಪಕಾರ. ಹುಲ್ಲಿನ ಎಸಳಿಗೆ ಬಾಲ ಸುತ್ತಿಕೊಂಡು ತುಂಬುಹೊಟ್ಟೆಯ ಗಂಡು ಕಡಲಕುದುರೆ ತೂಗುತ್ತಿತ್ತು. ಇವುಗಳಲ್ಲಿ ಬಸಿರು ಹೊರುವುದು ಗಂಡು ಅಂತ ಹಿಂದೊಮ್ಮೆ ಹೇಳಿದಾಗ ಭಾವ ಗಾಬರಿಯಾಗಿ ತಮ್ಮ ಹೊಟ್ಟೆ ಮುಟ್ಟಿ ನೋಡಿಕೊಂಡಿದ್ದರಲ್ಲ! ಕೋಲಣ್ಣ ಕೋಲು ಚಾಚಿ ಅದರ ಬೆನ್ನಿಗೆ ತಾಗಿಸಿಬಿಟ್ಟ. ನೀರಿನೊಳಗೆ ಬೈಯಲು ಆಗುವುದಿಲ್ಲ ಅಕ್ಕ, ಬೈಗುಳವೆಲ್ಲ ಗುಳ್ಳೆಯಾಗಿ ಮೇಲೆ ಹೋಗುತ್ತದೆ. ಒಂದು ಕೈಯಲ್ಲಿ ಕೋಲು ಹಿಡಿದೆಳೆದೆ, ಇನ್ನೊಂದು ಕೈಯಲ್ಲಿ ಒಂದೇ ಒಂದು ಪಟ ತೆಗೆದೆ. ಒಂದು ಜೀವಕ್ಕೆ ಒಂದೇ ಫ್ಲ್ಯಾಶ್, ಇದು ನನ್ನ ವ್ರತ. ಆಮೇಲೆ ಅದರತ್ತ ನೋಡಲೂ ಇಲ್ಲ, ಕೋಲಣ್ಣನನ್ನು ದುರುಗುಟ್ಟಿಕೊಂಡೇ ಮೇಲೆ ಬಂದೆ.

ಕ್ಯಾಮೆರಾದ ಪುಟ್ಟ ಪರದೆಯಲ್ಲಿ ಪಟದ ತುಂಬ ಬಿಳಿ ಚುಕ್ಕೆ. ಮಸುಕು ನೀರಿನಲ್ಲಿ ತೇಲುವ ಮರಳಿನ ಕಣಗಳಿಗೆ ಫ್ಲ್ಯಾಶ್ ಬಡಿದರೆ ಹೀಗೇ ಆಗುತ್ತದೆ, ನೀನು ನನ್ನ ಎಷ್ಟೋ ಪಟಗಳಲ್ಲಿ ತೆಗೆದಿದ್ದೀಯ. ಭಾವನ ಮಾತು ನೆನಪಾಗಿ ಅದನ್ನೇ ನಿನಗೆ ಕಳಿಸಿದೆ. ಏನು ಬರೆದಿದ್ದೆ ಅಂತ ನನಗೆ ಚೆನ್ನಾಗಿ ನೆನಪಿದೆ. ನೀರು ಕೊಳಕಿತ್ತು ಅಕ್ಕ, ಕಸ ಎಲ್ಲ ತೆಗೆದುಬಿಡು.

ನೀನು ತೆಗೆದೆ. ಎಷ್ಟೋ ಮಧ್ಯಾಹ್ನ ನೀನು ಅದರ ಮುಂದೆ ಕೂತಿದ್ದೆ ಅಂತ ಭಾವ ಸಂಭ್ರಮದಿಂದ ಹೇಳಿದರು. ಪಟ ವಾಪಸು ಬಂದಾಗ ನಾನು ಮತ್ತೆ ಮತ್ತೆ ತೆರೆದು ನೋಡಿದೆ. ಆ ನೀಲಿಯಲ್ಲಿ ಅವನೊಬ್ಬನೇ, ಸುತ್ತ ಯಾರೂ ಇಲ್ಲ, ನಿದ್ದೆಯಲ್ಲಿ ತೇಲುತ್ತಿದ್ದಾನೆ. ಒಂಟಿ ಅಂತ ಹೆಸರಿಟ್ಟು ಪ್ರದರ್ಶನಕ್ಕೆ ಕಳಿಸಿದೆ. ನಮ್ಮಿಬ್ಬರ ಹೆಸರಿನಲ್ಲೂ ಕಳಿಸಿದೆ.

ಹೋದ ವಾರ ಪ್ರದರ್ಶನದ ಮೇಡಂ ಬರೆದಿದ್ದರು. ಪಟ ಎಲ್ಲರಿಗೂ ಹಿಡಿಸಿದೆ, ಬಾಲದ ಕೆಳಗೆ ಒಂದು ಚುಕ್ಕೆ ಮಾತ್ರ ಉಳಿದುಬಿಟ್ಟಿದೆ, ಗೋಡೆಯಷ್ಟು ದೊಡ್ಡದಾಗಿ ಅಚ್ಚು ಹಾಕಿದರೆ ಎದ್ದು ಕಾಣುತ್ತದೆ, ಅದನ್ನೂ ತೆಗೆದು ಕಳಿಸಿ ಅಂತ. ನನಗೆ ನಗು ಬಂತು. ಬೇರೆಯವರ ಮುಖದ ಮೊಡವೆಗುರುತನ್ನು ಬೀದಿಯ ಆಚೆಯಿಂದ ಎಣಿಸುವ ನಮ್ಮಕ್ಕನ ಕಣ್ಣು ತಪ್ಪಿತಲ್ಲ ಅಂತ. ಒಂದು ಚುಕ್ಕೆಗೆ ನಿನಗೇಕೆ ತೊಂದರೆ, ನಾನೇ ತೆಗೆಯೋಣ ಅಂತ ಬಡವನನ್ನು ಎಬ್ಬಿಸಿದೆ. ಚುಕ್ಕೆಯ ಅಂಚು ಸರಿಯಾಗಿ ಕಾಣಲಿ ಅಂತ ಮೂಲ ಪಟವನ್ನೂ ಪಕ್ಕದಲ್ಲಿ ತೆರೆದೆ. ಕೆಳಗಿನ ಅಂಗಡಿಗೆ ಬಂದು ಹೋಗುವ ಮೀನು ಡಾಕ್ಟರಮ್ಮ, ಅಂದರೆ ಮೀನುಗಳ ಬಗ್ಗೆ ಓದುವವರು, ಕಾಫಿ ಹಿಡಿದು ನನ್ನ ಹಿಂದೆ ನಿಂತಿದ್ದರು. ಸ್ವಲ್ಪ ದೊಡ್ಡದು ಮಾಡು ಅಂದರು. ಇನ್ನೂ ಸ್ವಲ್ಪ ಅಂದರು. ಆಮೇಲೆ, ಈ ಚುಕ್ಕೆಗೆ ಬಾಲ ಇದೆಯಲ್ಲಮ್ಮ ಅಂದರು.

ಹೇಳಿಬಿಡುತ್ತೇನೆ ಅಕ್ಕ. ಅವು ಮರಳಲ್ಲ. ಕೆಲವು ಮರಳಿರಬಹುದು, ಉಳಿದದ್ದೆಲ್ಲ ಮರಿಗಳು. ಆ ಹೊತ್ತಿನಲ್ಲಿ ಅದು ಹೆರುತ್ತಿತ್ತು. ಅಕ್ಕಿಕಾಳಿನಷ್ಟೂ ಇಲ್ಲದ ಮರಿಗಳು, ಒಂದೊಂದಕ್ಕೂ ಕತ್ತು, ಒಂದೊಂದಕ್ಕೂ ಸುರುಳಿ ಬಾಲ. ಸಿಟ್ಟಿನಲ್ಲಿ ಕೋಲಣ್ಣನ ಕೋಲು ನೋಡುತ್ತಿದ್ದ ನನಗೆ ಕಣ್ಣೆದುರಿನ ಹೆರಿಗೆ ಕಾಣಲಿಲ್ಲ. ಕೋಲು ತಾಗಿದ್ದಕ್ಕೇ ಹೆದರಿ ಹೆತ್ತಿತೇ ಅಂತ ಕೇಳಿದೆ. ಗೊತ್ತಿಲ್ಲ, ಹಾಗೆಲ್ಲ ಹೇಳೋಕಾಗಲ್ಲ ಅಂದರು ಡಾಕ್ಟರಮ್ಮ. ಅವುಗಳನ್ನು ಕಸ ಅಂದವಳು ನಾನು. ಎಲ್ಲರನ್ನೂ ಬಿಟ್ಟು ನಿನ್ನ ಕೈಗೆ ಕೊಟ್ಟು, ತೆಗಿ ಅಂದವಳೂ ನಾನೇ.

ಪ್ರದರ್ಶನದವರಿಗೆ ನೀರಿನ ಕಸ ತೆಗೆದರೆ ಅಭ್ಯಂತರವಿಲ್ಲ, ಜೀವ ತೆಗೆದರೆ ಇದೆ. ಅವರಿಗೆ ಹೇಳುವುದು ಸುಲಭ. ತಿಂಗಳ ಕೊನೆಯೊಳಗೆ ಒಂದು ಸಾಲು ಬರೆದು ಪಟ ವಾಪಸು ಕೇಳಿದರಾಯಿತು. ನಿನಗೆ ಹೇಳುವುದೇ ಕಷ್ಟ. ಅಳತೆ ಸರಿಹೋಗಲಿಲ್ಲವಂತೆ ಅಂತ ಒಂದು ಸುಳ್ಳು ಬರೆದು ಹರಿದೆ. ಪ್ರದರ್ಶನ ಮುಂದಕ್ಕೆ ಹೋಯಿತು ಅಂತ ಇನ್ನೊಂದು ಬರೆದು ಅದನ್ನೂ ಹರಿದೆ. ಒಂದು ವರ್ಷದಿಂದ ಮನೆ ಮತ್ತು ಅಂಗಡಿ ಬಿಟ್ಟು ಎಲ್ಲೂ ಹೋಗದ ನೀನು ಹೊಸ ಚಪ್ಪಲಿ ಹಾಕಿಕೊಂಡು ಹೊರಟಿರುವಾಗ, ಎದುರಿಗೆ ಬಂದು ಬಾಗಿಲು ಹಾಕಿದ ಹಾಗಾಗುತ್ತದಲ್ಲ. ನಿಜ ಹೇಳಿದರೆ ನೀನು ಮತ್ತೆ ಒಳಕೋಣೆಗೆ ಕಾಲಿಡದೆ ಹೋದೀಯೇನೋ ಅನ್ನುವ ಭಯ. ಹೇಳದಿದ್ದರೆ ನಿನ್ನನ್ನು ಆ ಗೋಡೆಯ ಮುಂದೆ ನಿಲ್ಲಿಸಿ ಚಪ್ಪಾಳೆ ತಟ್ಟಬೇಕು. ಅದು ನನ್ನಿಂದ ಆಗುವುದಿಲ್ಲ.

ಬೈಯಿ. ಬೇಕಾದಷ್ಟು ಬೈಯಿ. ಇದು ನೀರಲ್ಲ, ಚೆನ್ನಾಗಿ ಕೇಳಿಸುತ್ತದೆ. ಮಾತು ಮಾತ್ರ ಬಿಡಬೇಡ.

ಕಣ್ಣಿದ್ದೂ ಕಾಣದ,
ನಿನ್ನ ಮುಳುಗುಮಾರಿ

ಅಂದಹಾಗೆ, ಗಾಳಿಗೀಳಿ ಏನೂ ಇಲ್ಲ. ನೀರು ಹಾಸಿಟ್ಟ ಹಾಗಿದೆ. ಬೋಟು ಬೆಳಿಗ್ಗೆಯೇ ಹೋಯಿತು. ಆ ಚುಕ್ಕೆ ನೋಡಿದ ದಿನದಿಂದ ನಾನು ನೀರಿಗಿಳಿದಿಲ್ಲ.

*

ಸೋಮವಾರ, ಗಿರಾಕಿ ಇಲ್ಲದ ಮಧ್ಯಾಹ್ನ

ಗಾಳಿಯಿಲ್ಲದ ಕಡೆ ಗಾಳಿ ಎಬ್ಬಿಸುವ ಮುಳುಗುಮಾರಿಗೆ,

ನಿನ್ನ ಕಾಗದ ಬಂತು. ಎರಡು ಹೊತ್ತು ಅದನ್ನು ಬ್ಲೌಸಿನೊಳಗೆ ಸಿಕ್ಕಿಸಿಕೊಂಡು ಓಡಾಡಿದೆ. ಆಮೇಲೆ ನಿನ್ನ ಭಾವನಿಗೆ ಓದಲು ಕೊಟ್ಟೆ. ಮೊದಲಿಗೆ ಬೈಗುಳ ಮುಗಿಸಿಬಿಡುತ್ತೇನೆ. ದೊಡ್ಡ ಫೈಲು ಕಳಿಸಿದರೆ ತೆರೆದು ನೋಡುವುದಕ್ಕೆ ನಿನಗೇನು ಧಾಡಿ? ಅಷ್ಟು ಹೇಳಿಕೊಟ್ಟೆ, ಎಲ್ಲ ನೀರಿನಲ್ಲಿ ಹೋಮ ಮಾಡಿದ ಹಾಗಾಯಿತು. ತೆರೆದಿದ್ದರೆ ಇಷ್ಟುದ್ದ ಕಾಗದ ಬರೆಯುವ ಗೋಳು ನಿನಗಿರುತ್ತಿರಲಿಲ್ಲ, ನನಗೂ ಈಗ ಇದನ್ನು ಬರೆಯುವ ಸಂಕಟ ಇರುತ್ತಿರಲಿಲ್ಲ.

ನನಗೆ ಗೊತ್ತಿತ್ತು ಕಣೇ.

ಶುರು ಮಾಡಿದಾಗ ನಾನೂ ಕಸ ಅಂತಲೇ ಶುರು ಮಾಡಿದ್ದು. ಮೂಲೆಯಲ್ಲಿ ಒಂದಷ್ಟು ಮರಳು ತೆಗೆದೆ. ಹೊಟ್ಟೆಯ ಹತ್ತಿರ ಬಂದಾಗ ಒಂದು ಚುಕ್ಕೆಯ ಅಂಚು ಯಾಕೋ ಕೈಗೆ ಹತ್ತಲಿಲ್ಲ. ದೊಡ್ಡದು ಮಾಡಿ ನೋಡಿದೆ. ಅದಕ್ಕೊಂದು ಮುಖವಿತ್ತು. ಎದ್ದು ಹೋಗಿ ಟೀ ಮಾಡಿದೆ, ಕುಡಿಯಲಿಲ್ಲ, ಬಂದು ಕೂತೆ. ಆಮೇಲೆ ಒಂದೊಂದನ್ನೇ ದೊಡ್ಡದು ಮಾಡಿ ನೋಡುತ್ತಾ ಹೋದೆ. ಮರಳು ಯಾವುದು, ಮರಿ ಯಾವುದು ಅಂತ ಕೊನೆಕೊನೆಗೆ ನೋಡದೆಯೇ ಗೊತ್ತಾಗುತ್ತಿತ್ತು.

ಒಂದು ಗುಂಡಿ ಒತ್ತಿದ್ದರೆ ಬಡವ ಎಲ್ಲವನ್ನೂ ಒಂದೇ ಗುಟುಕಿಗೆ ನುಂಗುತ್ತಿದ್ದ. ಒತ್ತಲಿಲ್ಲ. ಮರಳನ್ನು ಅಳಿಸಿದೆ. ಮರಿಗಳನ್ನು ಒಂದೊಂದಾಗಿ ಅಂಚು ಬಿಡಿಸಿ, ಬಾಲ ಮುರಿಯದ ಹಾಗೆ ಎತ್ತಿ, ಬೇರೆ ಲೇಯರಿನಲ್ಲಿ ಇದ್ದ ಜಾಗದಲ್ಲೇ ಇಟ್ಟೆ. ಅದಕ್ಕೇ ಅಷ್ಟೊಂದು ಮಧ್ಯಾಹ್ನ ಬೇಕಾಯಿತು. ನಿನ್ನ ಭಾವ ಪಾಪ, ಹೆಂಡತಿ ಕೆಲಸ ಮರೆತಿದ್ದಾಳೆ, ಕೈ ನಿಧಾನವಾಗಿದೆ ಅಂದುಕೊಂಡಿದ್ದರು. ಎಲ್ಲ ಮುಗಿದ ಮೇಲೆ ಆ ಲೇಯರಿನ ಕಣ್ಣು ಮುಚ್ಚಿದೆ. ಪರದೆಯ ಮೇಲೆ ಅವನೊಬ್ಬನೇ ಉಳಿದ.

ನಿನಗೆ ಯಾಕೆ ಹೇಳಲಿಲ್ಲ ಅಂತ ಕೇಳುತ್ತೀಯ. ಹೊಟ್ಟೆಕಿಚ್ಚು. ಇಷ್ಟು ವಯಸ್ಸಾದ ಹೆಂಗಸು ಒಂದು ಬೆರಳುದ್ದದ ಮೀನಿನ ಮೇಲೆ ಹೊಟ್ಟೆಕಿಚ್ಚು ಪಟ್ಟೆ ಅಂದರೆ ನಗುತ್ತೀಯೇನೋ, ನಗು. ಎಷ್ಟು ಮಕ್ಕಳು ಅವನಿಗೆ! ಲೆಕ್ಕವಿಲ್ಲ, ಹಿಡಿತವಿಲ್ಲ, ನೀರಿಗೆ ಚೆಲ್ಲಿಕೊಂಡು ನಿಂತಿದ್ದಾನೆ. ನಾನು ಮೆಟ್ಟಿಲು ಇಳಿಯುವಾಗಲೂ ಹೊಟ್ಟೆ ಹಿಡಿದುಕೊಂಡು ಇಳಿದವಳು, ನನಗೆ ಒಂದು ದಕ್ಕಲಿಲ್ಲ. ನಾನು ಏನೋ ಎತ್ತಿದ್ದಕ್ಕಾ, ಎಲ್ಲೋ ಬಗ್ಗಿದ್ದಕ್ಕಾ ಅಂತ ಡಾಕ್ಟರನ್ನು ಕೇಳಿ ಕೇಳಿ ಸಾಕಾಗಿತ್ತು. ಹಾಗೆಲ್ಲ ಹೇಳೋಕಾಗಲ್ಲಮ್ಮ ಅಂತ ಅವರೂ ಅಂದಿದ್ದರು. ನಿನ್ನ ಮೀನು ಡಾಕ್ಟರಮ್ಮನ ಬಾಯಲ್ಲೂ ಅದೇ ಮಾತು.

ಸುತ್ತಲಿನದೆಲ್ಲ ಮಾಯವಾಗಿ ಆ ನೀಲಿಯಲ್ಲಿ ಅವನು ಖಾಲಿಯಾಗಿ ತೂಗುತ್ತಿರುವುದನ್ನು ನೋಡಿದಾಗ ನನಗೆ ಹಾಯೆನಿಸಿತು. ನನ್ನ ಹಾಗೆ ಇನ್ನೊಬ್ಬರಿದ್ದಾರೆ ಅನ್ನಿಸಿತು. ಸುಳ್ಳು ಅಂತ ಗೊತ್ತಿದ್ದೂ ಅದರ ಪಕ್ಕದಲ್ಲಿ ಕೂತಿದ್ದೆ. ಆ ಮರಿಗಳಲ್ಲಿ ಹೆಚ್ಚಿನವು ವಾರವೂ ಬದುಕುವುದಿಲ್ಲ ಅಂತ ಎಲ್ಲೋ ಓದಿದ್ದೆ. ತಾನಾಗಿ ಹೋಗುವುದನ್ನು ತೆಗೆಯುವುದು ನನ್ನ ಕಾಯಿದೆಯಲ್ಲವೇ, ನಾನೇನು ತಪ್ಪು ಮಾಡಿದೆ ಅಂತ ನನಗೆ ನಾನೇ ವಕೀಲಿ ಮಾಡಿಕೊಂಡೆ. ಆ ಕಾಯಿದೆ ಮೊಡವೆಗೆ ಸರಿ. ಹೋದದ್ದೆಲ್ಲ ಮೊಡವೆಯ ಹಾಗೆ ಹೋಗುವುದಿಲ್ಲ ಅನ್ನುವುದು ನನಗಿಂತ ಚೆನ್ನಾಗಿ ಇನ್ಯಾರಿಗೆ ಗೊತ್ತು? ಆದರೂ ಒಂಟಿ ಅನ್ನುವ ನಿನ್ನ ಹೆಸರು ಓದಿ ಸುಮ್ಮನಿದ್ದೆ. ಹೊಸ ಚಪ್ಪಲಿ ಕೂಡ ಕೊಂಡೆ. ನೀನೇ ಫೈಲು ತೆರೆದು ನೋಡಿ, ಇದೇನೇ ಅಕ್ಕ ಅಂತ ಕೇಳಲಿ ಅಂತ ಒಳಗೊಳಗೇ ಕಾಯುತ್ತಿದ್ದೆನೋ ಏನೋ.

ನಿನ್ನೆ ನಿನ್ನ ಭಾವನನ್ನು ಒಳಕೋಣೆಗೆ ಕರೆದು ಕುರ್ಚಿಯಲ್ಲಿ ಕೂರಿಸಿದೆ. ಬಡವ ಎಂದಿನಂತೆ ಎದ್ದೇಳಲು ಸತಾಯಿಸಿದ. ಫೈಲು ತೆರೆದು ಆ ಕಣ್ಣು ಒತ್ತಿದೆ. ಎಲ್ಲವೂ ಒಟ್ಟಿಗೆ ಬಂದವು, ನೀಲಿಯ ತುಂಬ. ಅವರು ಮೂಗಿನ ಮೇಲೆ ಕನ್ನಡಕ ಸರಿಮಾಡಿಕೊಂಡು ಹತ್ತಿರ ಬಗ್ಗಿದರು. ಅಯ್ಯೋ, ಯಾರೋ ಗೋಡಂಬಿ ಡಬ್ಬ ಚೆಲ್ಲಿದಂಗಿದೆಯಲ್ಲೇ ಅಂದರು. ಆ ಪದ ಬಾಯಿಂದ ಬಿದ್ದ ಮೇಲೆ ಅವರಿಗೇ ಗೊತ್ತಾಯಿತು. ಎದ್ದು ಹೋಗಿ ಕೌಂಟರಿನ ಗಾಜು ಒರೆಸತೊಡಗಿದರು, ಒರೆಸಿದ್ದನ್ನೇ ಒರೆಸುತ್ತಿದ್ದರು. ನಾನು ಹೋಗಿ ಬಟ್ಟೆ ಕಿತ್ತುಕೊಂಡೆ. ಅಂಗಡಿ ಬಾಗಿಲು ಅರ್ಧ ಎಳೆದು ಇಬ್ಬರೂ ಅಲ್ಲೇ ನೆಲದ ಮೇಲೆ ಕೂತು ಅತ್ತೆವು. ಒಂದು ವರ್ಷ ಬೇರೆ ಬೇರೆ ಕೋಣೆಯಲ್ಲಿ ಅತ್ತದ್ದು ಸಾಕಾಗಿತ್ತು. ಇವನಿಗೂ ಹೊಟ್ಟೆ ಖಾಲಿಯಾದ ಮೇಲೆ ಏನೇನು ಅನ್ನಿಸುತ್ತೋ ಅಂತ ಕೇಳಿದರು ನಿನ್ನ ಭಾವ. ಅಪ್ಪಂದಿರಿಗೂ ಅನ್ನಿಸುತ್ತದೆ ಅನ್ನುವುದನ್ನು ನಾನು ಮರೆತೇಬಿಟ್ಟಿದ್ದೆ.

ಈಗ ಕೆಲಸದ ಮಾತು. ಒಂಟಿಯನ್ನು ವಾಪಸು ತಗೋ. ಪ್ರದರ್ಶನದ ಮೇಡಮ್ಮಿಗೆ ನಡೆದದ್ದು ನಡೆದ ಹಾಗೆ ಬರೆ, ಕೋಲಣ್ಣನ ಕೋಲನ್ನೂ ಬಿಡಬೇಡ, ನನ್ನ ಹೊಟ್ಟೆಕಿಚ್ಚನ್ನೂ ಬಿಡಬೇಡ. ಕಣ್ಣು ತೆರೆದ ಪಟವನ್ನು ಜೊತೆಗೆ ಕಳಿಸು. ಹಿಡಿಸಿದರೆ ಗೋಡೆಗೆ ಹಾಕಲಿ. ಬೇಡ ಅಂದರೆ ನಮ್ಮ ಸ್ಟುಡಿಯೋದ ಮುಂದಿನ ಗಾಜಿನಲ್ಲಿ ಮದುಮಕ್ಕಳ ನಡುವೆ ತೂಗುಹಾಕುತ್ತೇನೆ. ಬಸುರಿ ಗಂಡಸನ್ನು ನೋಡಲಾದರೂ ನಾಲ್ಕು ಜನ ಒಳಗೆ ಬರುತ್ತಾರೆ ಅನ್ನುವುದು ನಿನ್ನ ಭಾವನ ವ್ಯಾಪಾರದ ಬುದ್ಧಿ. ಹೊಸ ಹೆಸರು ನೀನೇ ಯೋಚಿಸು.

ನಾನು ಹೊರಟದ್ದು ಹೊರಟದ್ದೇ. ಪ್ರದರ್ಶನ ಇರಲಿ ಬಿಡಲಿ, ನೇರ ನಿನ್ನಲ್ಲಿಗೆ ಬರುತ್ತೇವೆ, ಇಬ್ಬರೂ. ಚಪ್ಪಲಿ ಕಚ್ಚುತ್ತಿದೆ, ಬರುವಷ್ಟರಲ್ಲಿ ಪಳಗುತ್ತದೆ. ನೀರಿಗಿಳಿಯುವ ಧೈರ್ಯ ನನಗಿಲ್ಲ, ಬೋಟಿನ ಅಂಚಿನಲ್ಲಿ ಕೂತು ಕಾಲು ಇಳಿಬಿಡುತ್ತೇನೆ. ನೀನು ಕೆಳಗೆ ಹೋಗಿ ಅಲ್ಲಿ ಯಾರು ಯಾರು ಇದ್ದಾರೆ ನೋಡಿಕೊಂಡು ಬಂದು ಹೇಳು. ಕ್ಯಾಮೆರಾ ಮೇಲೆಯೇ ಇರಲಿ. ಈ ಕಾಗದ ಸಿಕ್ಕಿದ ದಿನವೇ ಆ ಇನ್ಯಾರದೋ ಮಂಡಿಯ ಸೂಟು ತೊಟ್ಟು ನೀರಿಗಿಳಿ, ಇಳಿಯದಿದ್ದರೆ ಬಂದವಳೇ ಕಿವಿ ಹಿಂಡುತ್ತೇನೆ.

ಕಸವನ್ನೂ ಮರಿಯನ್ನೂ ಬೇರೆ ಮಾಡಲು ಬರುವ,
ನಿನ್ನ ಅಕ್ಕ

ಮೇಡಮ್ಮಿಗೆ ಇದನ್ನೂ ತಿಳಿಸು. ಬಾಲದ ಕೆಳಗಿನ ಆ ಒಂದು ಚುಕ್ಕೆ ನನ್ನ ಕಣ್ಣು ತಪ್ಪಿ ಉಳಿದದ್ದಲ್ಲ. ಕೊನೆಗೆ ಎತ್ತಬೇಕಾಗಿದ್ದದ್ದು ಅದನ್ನೇ. ಅದರ ಬೆನ್ನು ಸ್ಕ್ಯಾನಿನ ಪಟದಲ್ಲಿದ್ದ ಹಾಗೇ ಬಾಗಿತ್ತು, ಕೈ ಓಡಲಿಲ್ಲ. ಅದೊಂದು ಅಪ್ಪನ ಹತ್ತಿರವೇ ಇರಲಿ ಅಂತ ಬಿಟ್ಟೆ.